ಪೂಜೆ ಹೊತ್ತವನ ಕತ್ತು

ಗುರು ಎಂದೊಡನೆ ಉದ್ದ ಗಡ್ಡ, ಕಾವಿ ಬಟ್ಟೆ, ಜಿಂಕೆಯ ಚರ್ಮ ನಿಮ್ಮ ಕಣ್ಣ ಮುಂದೆ ಬಂದರೆ ದಯವಿಟ್ಟು ಅವನ್ನೆಲ್ಲ ಪಕ್ಕಕ್ಕಿಡಿ. ಈ ಕಥೆಯ ಗುರು ಹೊಂಬಾಳಯ್ಯ ಬೀಡಿ ಸೇದುತ್ತಿದ್ದ. ಸಿಟ್ಟು ಬಂದರೆ ಬಾಯಿಗೆ ಬಂದಂತೆ ಬೈಯುತ್ತಿದ್ದ.

ಅವನ ಆಶ್ರಮವೆಂದರೆ ಹೊಳೆದಂಡೆಯ ಮೇಲೆ ಒಂದು ಸೋಗೆ ಗುಡಿಸಲು, ಮುಂದೆ ಒಂದು ಹೊಂಗೆಮರ, ಮರದ ಕೆಳಗೆ ತುಳಿದು ತುಳಿದು ಗಟ್ಟಿಯಾದ ನೆಲ.

ಗುಡಿಸಲ ಒಳಗೆ ಗೋಡೆಗೆ ಒರಗಿಕೊಂಡು ಪೂಜೆ ನಿಂತಿರುತ್ತಿತ್ತು.

ಪೂಜೆ ಎಂದರೆ ಗಂಟೆ, ಕರ್ಪೂರ ಅಲ್ಲ. ಆ ಸೀಮೆಯಲ್ಲಿ ಪೂಜೆ ಎಂದರೆ ಆಳೆತ್ತರದ ಬಿದಿರಿನ ಚೌಕಟ್ಟು. ಅದಕ್ಕೆ ಬಣ್ಣಬಣ್ಣದ ಸೀರೆಗಳನ್ನು ನೆರಿಗೆ ಹಿಡಿದು ಕಟ್ಟಿ, ನಡುವೆ ಊರಮ್ಮನ ಹಿತ್ತಾಳೆಯ ಮುಖ ಕೂರಿಸುತ್ತಾರೆ. ತಳದಲ್ಲಿ ಒಂದು ಚೊಂಬು. ಕುಣಿಯುವವನ ತಲೆಯ ಮೇಲೆ ಬಟ್ಟೆಯ ಸಿಂಬೆ, ಸಿಂಬೆಯ ಮೇಲೆ ಚೊಂಬು, ಚೊಂಬಿನ ಮೇಲೆ ಅಮ್ಮ. ಹಾಗೆ ಹೊತ್ತುಕೊಂಡು ತಮಟೆಯ ಪೆಟ್ಟಿಗೆ ಹೆಜ್ಜೆ ಹಾಕಬೇಕು.

ಕೈಯಲ್ಲಿ ಹಿಡಿಯುವ ಹಾಗಿಲ್ಲ. ತಲೆಗೆ ಕಟ್ಟಿಕೊಳ್ಳುವ ಹಾಗಿಲ್ಲ. ಮಂಡಿ ಊರಬಹುದು, ಕುಳಿತು ಏಳಬಹುದು, ಬುಗುರಿಯ ಹಾಗೆ ತಿರುಗಬಹುದು. ಕತ್ತು ಮಾತ್ರ ಬಗ್ಗಬಾರದು.

ಹೊಂಬಾಳಯ್ಯ ತನ್ನ ಕಾಲದಲ್ಲಿ ಅಮ್ಮನನ್ನು ಹೊತ್ತು ಊರೂರು ಕುಣಿದವನು. ಈಗ ಕತ್ತಿನ ಮೂಳೆ ಸವೆದಿತ್ತು. ಒಂದು ಚೊಂಬು ನೀರನ್ನೂ ತಲೆಯ ಮೇಲೆ ಇಡಬೇಡ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಅವನು ತಮಟೆಗೆ ಬಂದಿದ್ದ.

ಹೊರುವುದಕ್ಕೆ ಇದ್ದವನು ಒಬ್ಬನೇ ಶಿಷ್ಯ, ಜವರ. ಅವನೂ ಬಿಟ್ಟುಹೋದರೆ ಪೂಜೆ ಗೋಡೆಗೆ ಒರಗಿಕೊಂಡೇ ಗೆದ್ದಲು ಹಿಡಿಯಬೇಕಿತ್ತು.

ಜವರ ಹಗಲೆಲ್ಲ ಇಟ್ಟಿಗೆ ಗೂಡಿನಲ್ಲಿ ಇಟ್ಟಿಗೆ ಹೊರುತ್ತಿದ್ದ. ಸಂಜೆ ಮೈಯ ಕೆಂಪು ದೂಳನ್ನು ಹೊಳೆಯಲ್ಲಿ ತೊಳೆದುಕೊಂಡು ಗುರುವಿನ ಮುಂದೆ ಬಂದು ನಿಲ್ಲುತ್ತಿದ್ದ.

ಗುರು ಅವನಿಗೆ ಪೂಜೆ ಕೊಡುತ್ತಿರಲಿಲ್ಲ. ತುಂಬಿದ ಕೊಡ ಕೊಡುತ್ತಿದ್ದ.

“ಗುರುವೇ, ಪೂಜೆ ಯಾವಾಗ ಕೊಡ್ತೀರಿ?”

“ಕೊಡ ತುಂಬ್ಕಂಡು ಬಾ.”

“ನಾನು ಕೇಳಿದ್ದು ಪೂಜೆ.”

“ನಾನು ಯೋಳಿದ್ದು ಕೊಡ.”

ಜವರ ಕೊಡ ಹೊತ್ತು ಕುಣಿದ. ಕುಳಿತ, ಎದ್ದ, ತಿರುಗಿದ. ಒಂದು ತೊಟ್ಟೂ ತುಳುಕಲಿಲ್ಲ. ಅಷ್ಟರಲ್ಲಿ ದಂಡೆಯ ಮೇಲಿನ ದಾರಿಯಲ್ಲಿ ಒಂದು ಬೈಕು ಹೋಯಿತು. ಕೊಡದ ನೀರು ಚಳಕ್ಕನೆ ನೆಲಕ್ಕೆ ಬಿತ್ತು.

ಗುರು ತಮಟೆ ನಿಲ್ಲಿಸಿದ.

“ಯಾರ್ಲಾ ಬಂದದ್ದು?”

“ಯಾರೂ ಇಲ್ವಲ್ಲ ಗುರುವೇ.”

“ಮತ್ತೆ ನೀರು ಯಾರಿಗೆ ಚೆಲ್ದೆ?”

ಜವರ ತಿರುಗಿ ನೋಡಿದ. ಬೈಕಿನ ದೂಳು ಇನ್ನೂ ಆರಿರಲಿಲ್ಲ.

“ಅದಾ? ನಮ್ಮ ಗೂಡಿನ ಯಜಮಾನ್ರು ಹೋದ್ರು. ನಾನೇನೂ ಬಗ್ಗಲಿಲ್ಲ.”

“ನೀನು ಬಗ್ಗಲಿಲ್ಲ ಕಣ್ಲಾ. ನಿನ್ನ ಕತ್ತು ಬಗ್ತು. ಅದು ನಿನ್ನ ಕೇಳ್ದೇನೇ ಬಗ್ತದೆ. ನಾಳೆ ಬಾ.”

ನಾಳೆಯೂ ಅದೇ ಆಯಿತು. ಇಸ್ತ್ರಿ ಹಾಕಿದ ಅಂಗಿ ದಾರಿಯಲ್ಲಿ ಕಂಡರೆ ಸಾಕು, ಜವರನ ಕೊಡ ತುಳುಕುತ್ತಿತ್ತು. ಒಮ್ಮೆ ಯಾರದೋ ದೊಡ್ಡ ಕಾರು ಖಾಲಿಯಾಗಿ ಹೋಯಿತು, ಒಳಗೆ ಡ್ರೈವರು ಬಿಟ್ಟರೆ ಯಾರೂ ಇರಲಿಲ್ಲ. ಆಗಲೂ ತುಳುಕಿತು. ಹೊಂಬಾಳಯ್ಯ ನಕ್ಕು ನಕ್ಕು ಕೆಮ್ಮಿದ. ಜವರನಿಗೆ ನಗು ಬರಲಿಲ್ಲ.

ಹೀಗಿರುವಾಗ ಒಂದು ದಿನ ಹೊಳೆದಂಡೆಗೆ ಜೀಪು ಬಂತು.

ಇಳಿದವನು ಉಮಾಪತಿ, ಪಟ್ಟಣದಲ್ಲಿ ನಡೆಯುವ ಸಂಸ್ಕೃತಿ ಉತ್ಸವದ ಕಾರ್ಯದರ್ಶಿ. ಕೆಟ್ಟವನಲ್ಲ. ಜಾನಪದ ಎನ್ನುವಾಗ ಅವನ ಕಣ್ಣು ಒದ್ದೆಯಾಗುತ್ತಿತ್ತು, ಅದು ನಾಟಕವೂ ಆಗಿರಲಿಲ್ಲ. ಗುಡಿಸಲಿಗೆ ಬಂದವನೇ ಪೂಜೆಯನ್ನು ಹಿಂದೆ ಮುಂದೆ ನೋಡಿ ಕೈ ಮುಗಿದ.

“ಎಂಥ ಸೊಗಸು ಯಜಮಾನ್ರೇ! ಇದು ನಮ್ಮ ಪರಂಪರೆ. ಇದನ್ನ ಉಳಿಸ್ಬೇಕು.”

“ಉಳ್ಸಿ,” ಎಂದ ಹೊಂಬಾಳಯ್ಯ.

“ಈ ಸಲದ ಉತ್ಸವದಲ್ಲಿ ನಿಮ್ಮ ಕುಣಿತ ಇಡ್ತಿದ್ದೀವಿ. ಚೆನ್ನಾಗಿ ಬಂದ್ರೆ ದಿಲ್ಲಿಯ ಮೆರವಣಿಗೆಗೆ ನಿಮ್ಮ ತಂಡದ ಹೆಸರನ್ನೇ ಕಳಿಸ್ತೀವಿ. ನಾನೇ ನಿಂತು ಮಾಡಿಸ್ತೀನಿ.”

ಬಾಗಿಲಲ್ಲಿ ನಿಂತಿದ್ದ ಜವರ ಒಂದು ಹೆಜ್ಜೆ ಒಳಗೆ ಬಂದ.

“ಕುಣಿತಾನ ಐದಾರು ನಿಮಿಷಕ್ಕೆ ಇಳಿಸ್ಕೊಳ್ಳಿ. ಕೊನೆಗೆ ವೇದಿಕೆ ಕಡೆ ತಿರುಗಿ, ತಲೆ ಬಗ್ಗಿಸಿ ಒಂದು ನಮಸ್ಕಾರ. ಎಲ್ಲ ತಂಡದವರೂ ಹಾಗೇ ಮಾಡ್ತಾರೆ. ಮುಖ್ಯ ಅತಿಥಿಗಳು ಎದುರಿಗೇ ಕೂತಿರ್ತಾರೆ.”

“ನಮಸ್ಕಾರ ಪೂಜೆ ಇಳ್ಸಿದ ಮೇಲಾ?”

“ಇಲ್ಲ ಇಲ್ಲ, ಹೊತ್ತಿರುವ ಹಾಗೇ. ಫೋಟೋ ಚೆನ್ನಾಗಿ ಬರುತ್ತೆ.”

“ಅಮ್ಮ ಬಗ್ಗಾಕಿಲ್ಲ.”

“ಅಮ್ಮ ಯಾಕೆ ಬಗ್ತಾಳೆ ಯಜಮಾನ್ರೇ? ಬಗ್ಗೋದು ನೀವು.”

“ಅವಳು ನನ್ನ ತಲೆ ಮೇಲೆ ಕುಂತವ್ಳೆ. ಅವಳು ಎಲ್ಲಿಗೆ ಮುಗೀತಾಳೆ, ನಾನು ಎಲ್ಲಿಂದ ಶುರುವಾಯ್ತೀನಿ? ಗೆರೆ ಎಳೆದು ತೋರ್ಸಿ, ಬಗ್ತೀನಿ.”

ಉಮಾಪತಿ ತೊಡೆ ತಟ್ಟಿ ನಕ್ಕ. “ಆಹಾ! ಎಂಥ ಮಾತು! ಇದನ್ನ ನನ್ನ ಭಾಷಣದಲ್ಲಿ ಬಳಸ್ಕೋತೀನಿ.”

ಹೊಂಬಾಳಯ್ಯ ಬೀಡಿ ಹಚ್ಚಿದ. ಮಾತು ಅಲ್ಲಿಗೆ ಮುಗಿಯಿತು.

ಜೀಪಿನ ಹತ್ತಿರ ಉಮಾಪತಿ ಜವರನ ಹೆಗಲ ಮೇಲೆ ಕೈ ಹಾಕಿದ. “ವಯಸ್ಸಾದವರು, ಹಳೇ ಕಾಲದವರು. ನೀನು ತಿಳಿದವನು. ಅವರಿಗೆ ಸ್ವಲ್ಪ ಹೇಳು. ಆ ಒಂದು ನಮಸ್ಕಾರ ಇಲ್ಲ ಅಂದ್ರೆ ದಿಲ್ಲಿಗೆ ನಿಮ್ಮ ಹೆಸರು ಹಾಕೋಕಾಗಲ್ಲಪ್ಪ.”

“ಆಗ್ಲಿ ಸಾ,” ಎಂದು ಜವರ ತಲೆ ಬಗ್ಗಿಸಿದ. ತಲೆಯ ಮೇಲೆ ಕೊಡ ಇರಲಿಲ್ಲವಾದ್ದರಿಂದ ಏನೂ ಚೆಲ್ಲಲಿಲ್ಲ.

ಮಾರನೆಯ ದಿನ ಅವನು ಗೂಡಿಗೆ ಹೋಗಲಿಲ್ಲ. ಬೆಳಗ್ಗೆಯೇ ಗುರುವಿನ ಮುಂದೆ ಬಂದು ಕುಳಿತ.

“ಗುರುವೇ, ನಮ್ಮೂರ ಹುಡುಗ್ರಿಗೆ ಪೂಜೆ ಕುಣಿತ ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ.”

“ಹೂಂ.”

“ಕಲಿಯಕ್ಕೆ ಅಂತ ನನ್ನ ಬುಟ್ರೆ ಇನ್ನೊಬ್ಬ ಬರಲಿಲ್ಲ.”

“ಹೂಂ.”

“ದಿಲ್ಲಿಗೆ ಹೋದ್ರೆ ದೇಶಾನೇ ನೋಡ್ತದೆ. ಟಿವೀಲಿ ಬರ್ತದೆ. ಆಗ ಹುಡುಗ್ರು ತಾವೇ ಹುಡುಕ್ಕಂಡು ಬರ್ತಾರೆ. ಒಂದ್ಸಲ ಬಗ್ಗಿದ್ರೆ ಏನ್ ಗಂಟು ಹೋಯ್ತದೆ? ಬಗ್ಗದಿದ್ರೆ ಈ ಕುಣಿತಾನೇ ಸತ್ತೋಯ್ತದೆ.”

“ಸಾಯ್ಲಿ.”

ಜವರ ತನಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡ.

“ಏನಂದ್ರಿ?”

“ಸಾಯ್ಲಿ ಅಂದೆ. ಸಾಯೋದಾದ್ರೆ ನಿಂತ್ಕಂಡು ಸಾಯ್ಲಿ.”

ಜವರನಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು.

“ನಿಮಗೇನು ಗುರುವೇ? ನೀವು ಕುಣಿದಾಯ್ತು, ಜನ ನೋಡಿದ್ದಾಯ್ತು. ನಾನಿನ್ನೂ ಕೊಡ ಹೊತ್ಕಂಡು ನಿಂತಿವ್ನಿ.”

ಅವನು ಎದ್ದು ಹೋದ. ಹೊಂಬಾಳಯ್ಯನ ಬೀಡಿ ಬೆರಳಲ್ಲೇ ಆರಿತು. ಹುಡುಗ ಹೇಳಿದ್ದು ನಿಜವಾಗಿತ್ತು, ಅದಕ್ಕೇ ಚುಚ್ಚಿತು.

ಆ ಸಂಜೆ ಜವರ ಬರಲಿಲ್ಲ. ಮರುದಿನವೂ ಬರಲಿಲ್ಲ.

ಹೊಂಬಾಳಯ್ಯ ಪೂಜೆಯ ಬಿದಿರಿಗೆ ಎಣ್ಣೆ ಸವರುತ್ತ ಕುಳಿತ. ಅವನಿಗೆ ಹೆದರಿಕೆಯಾಗಿತ್ತು. ತಾನು ಸಾಯುವ ಹೆದರಿಕೆಯಲ್ಲ, ತನ್ನ ಹಟದಿಂದಲೇ ಅಮ್ಮ ಗೋಡೆಗೆ ಒರಗಿಬಿಟ್ಟರೆ ಏನು ಗತಿ ಎನ್ನುವ ಹೆದರಿಕೆ. ಆದರೂ ಅವನು ಜವರನಿಗೆ ಹೇಳಿಕಳಿಸಲಿಲ್ಲ.

ಉತ್ಸವ ಹತ್ತಿರ ಬಂದಾಗ ಜವರ ತಾನೇ ಬಂದ. ಮುಖ ಅರಳಿತ್ತು. ಕೈಯಲ್ಲಿ ಒಂದು ಕೊಡ, ಕೊಡದ ಎರಡು ಕಡೆಗೆ ಬಿಗಿದು ಕಟ್ಟಿದ ಗಟ್ಟಿ ಬಟ್ಟೆಯ ಪಟ್ಟಿ.

“ಗುರುವೇ, ದಾರಿ ಸಿಕ್ತು. ನೋಡ್ತಾ ಇರಿ.”

ಕೊಡವನ್ನು ತಲೆಯ ಮೇಲೆ ಇಟ್ಟುಕೊಂಡು ಪಟ್ಟಿಯನ್ನು ಗದ್ದದ ಕೆಳಗೆ ಎಳೆದು ಗಂಟು ಹಾಕಿದ. ಆಮೇಲೆ ನಡು ಬಗ್ಗಿಸಿ, ಕತ್ತು ಬಗ್ಗಿಸಿ, ನೆಲ ಮುಟ್ಟುವ ಹಾಗೆ ನಮಸ್ಕಾರ ಮಾಡಿದ. ಕೊಡ ಅಲ್ಲಾಡಲಿಲ್ಲ.

“ಬಗ್ಗಿದ್ರೂ ಬೀಳಾಕಿಲ್ಲ! ಪೂಜೆಗೂ ಹಿಂಗೇ ಕಟ್ಬುಡನ. ಪಟ್ಟಿ ಕಾಣ್ದಂಗೆ ಮೇಲೆ ಹೂವು ಸುತ್ತನ. ಅಮ್ಮನೂ ಬೀಳಲ್ಲ, ದಿಲ್ಲೀನೂ ತಪ್ಪಲ್ಲ.”

“ಕೊಡದಲ್ಲಿ ನೀರದಾ?”

“ಇಲ್ಲ. ನೀರಿದ್ರೆ ಚೆಲ್ತದೆ.”

ಹೊಂಬಾಳಯ್ಯ ಎದ್ದು ಬಂದು ಅವನ ಗದ್ದದ ಕೆಳಗಿನ ಗಂಟನ್ನು ಬೆರಳಲ್ಲಿ ಮುಟ್ಟಿದ.

“ಇದನ್ನ ಬಿಚ್ಚೋದು ಸುಲಭಾನಾ?”

“ಒಂದು ಎಳೆ ಎಳೆದ್ರೆ ಬಿಚ್ಕತ್ತದೆ.”

“ನಮ್ಮಪ್ಪಂಗೆ ಯಾರೂ ಇಷ್ಟು ಸುಲಭದ ಗಂಟು ಹಾಕಿರ್ಲಿಲ್ಲ.”

ಜವರ ಕೊಡ ಇಳಿಸಿದ. ಗುರು ತನ್ನ ಅಪ್ಪನ ಮಾತೆತ್ತಿದ್ದು ಅದೇ ಮೊದಲು.

“ಅಪ್ಪ ದೊಡ್ಮನೇಲಿ ಜೀತಕ್ಕಿದ್ದ,” ಎಂದ ಹೊಂಬಾಳಯ್ಯ. “ಅವರ ಜಗಲಿ ಮುಂದೆ ಹೋಗ್ಬೇಕಾದ್ರೆ ಎಕ್ಕಡ ಬಿಚ್ಚಿ ಕೈಲಿ ಹಿಡೀಬೇಕು. ಕತ್ತು ಎದೆಗೆ ತಾಗ್ಬೇಕು. ಮನೆಗೆ ಬಂದ್ರೂ ಕತ್ತು ಹಂಗೇ ಇರೋದು. ಹಂಗೇ ಉಣ್ಣೋನು, ಹಂಗೇ ಮಾತಾಡೋನು. ನಾನು ನಮ್ಮಪ್ಪನ ನೆತ್ತಿ ನೋಡ್ಕಂಡು ಬೆಳೆದೋನು ಕಣ್ಲಾ.”

ಅವನು ಹೊಳೆಯ ಕಡೆ ತಿರುಗಿದ.

“ಅಮ್ಮನ ಹಬ್ಬದ ದಿನ ಅಪ್ಪ ಪೂಜೆ ಹೊತ್ಕಂಡು ಅದೇ ಜಗಲಿ ಮುಂದೆ ಬಂದು ನಿಂತ. ದೊಡ್ಮನೆ ಯಜಮಾನ ಎಕ್ಕಡ ಬುಟ್ಟು, ಮೆಟ್ಲು ಇಳಿದು, ನಡು ಬಗ್ಗಿಸಿ ಅಪ್ಪನ ಕಾಲಿಗೆ ನೀರು ಹುಯ್ದ. ಅಪ್ಪ ನೆಟ್ಟಗೆ ನಿಂತು ನೋಡ್ತಿದ್ದ. ನಮ್ಮಪ್ಪಂಗೆ ಅಷ್ಟು ಉದ್ದ ಕತ್ತು ಅದೆ ಅಂತ ನಂಗೆ ಅವತ್ತೇ ಗೊತ್ತಾಗಿದ್ದು.”

“ಮಾರನೇ ದಿನ?”

“ಮಾರನೇ ದಿನ ಮತ್ತೆ ಎಕ್ಕಡ ಕೈಗೆ ಬಂತು.”

“ಹಂಗಾದ್ರೆ ಅವತ್ತು ಕುಣಿದು ಏನು ಬಂತು ಗುರುವೇ?”

“ನಾನೂ ಹಿಂಗೇ ಕೇಳ್ದೆ. ‘ನೀನು ನೋಡ್ದ್ಯಲ್ಲ ಮಗ, ಅದು ಬಂತು’ ಅಂದ.”

ಹೊಂಬಾಳಯ್ಯ ಒಳಗೆ ಹೋಗಿ ಪೂಜೆಯನ್ನು ಎರಡೂ ಕೈಯಲ್ಲಿ ತಬ್ಬಿ ತಂದು ಹೊಂಗೆಮರಕ್ಕೆ ಒರಗಿಸಿದ.

“ತಗ. ಉತ್ಸವಕ್ಕೆ ನೀನೇ ಹೊರು. ತಮಟೆ ನಾನು ಬಡೀತೀನಿ.”

ಇಷ್ಟು ಕಾಲ ಕೇಳಿದ್ದು ಕೈಗೆ ಬಂದಾಗ ಜವರನಿಗೆ ಸಂತೋಷವಾಗಲಿಲ್ಲ. ಕೆಳಗಿಟ್ಟ ಕೊಡದ ಪಟ್ಟಿಯನ್ನು ನೋಡಿದ.

“ಪಟ್ಟಿ ಕಟ್ಕಳನಾ, ಬ್ಯಾಡ್ವಾ?”

“ಕತ್ತು ನಿಂದು,” ಎಂದ ಗುರು.

ಉತ್ಸವದ ದಿನ ಮೈದಾನದ ತುಂಬ ಜನ. ನಮ್ಮ ಸಂಸ್ಕೃತಿ ನಮ್ಮ ಹೆಮ್ಮೆ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಅತಿಥಿಗಳು ಬರುವುದು ತಡವಾಯಿತು. ಡೊಳ್ಳಿನವರು, ಕೋಲಾಟದವರು, ವೇಷದವರು ಬೆಳಗಿನಿಂದ ಬಣ್ಣ ಬಳಿದುಕೊಂಡು ಕಾದರು. ಪರಂಪರೆಯನ್ನು ಉಳಿಸುವವರು ಶಾಮಿಯಾನದ ನೆರಳಲ್ಲಿ ಕುಳಿತಿದ್ದರು. ಪರಂಪರೆ ಬಿಸಿಲಲ್ಲಿ ನಿಂತಿತ್ತು. ಇದನ್ನು ನಾನು ಕುಹಕಕ್ಕೆ ಹೇಳುತ್ತಿಲ್ಲ, ಅಲ್ಲಿ ಆಗಿದ್ದೇ ಹಾಗೆ.

ಹೊಂಬಾಳಯ್ಯ ಒಂದಿಷ್ಟು ಹುಲ್ಲು ಉರಿಸಿ ತಮಟೆಯ ಚರ್ಮ ಕಾಯಿಸುತ್ತಿದ್ದ. ಅವನ ಎದುರಿಗೇ ಜವರ ಅಮ್ಮನನ್ನು ತಲೆಗೆ ಏರಿಸಿಕೊಂಡ. ಪಟ್ಟಿಯನ್ನು ಗದ್ದದ ಕೆಳಗೆ ಎಳೆದು ಕಟ್ಟಿಕೊಂಡ. ಮೇಲೆ ಹೂವು ಸುತ್ತಿಕೊಂಡ.

ಗುರು ನೋಡಿದ. ತಮಟೆಯನ್ನು ಬೆರಳಲ್ಲಿ ಮೀಟಿ ಕಿವಿಗೊಟ್ಟ.

ಹೆಸರು ಕೂಗಿದರು. ಇಬ್ಬರೂ ವೇದಿಕೆಯ ಮುಂದಿನ ಅಂಗಳಕ್ಕೆ ಬಂದರು. ತಮಟೆ ಎದ್ದಿತು, ಜವರ ಹೆಜ್ಜೆ ಹಾಕಿದ.

ಹೆಜ್ಜೆ ಒಂದೂ ತಪ್ಪಲಿಲ್ಲ. ಕುಳಿತ, ಎದ್ದ, ತಿರುಗಿದ. ಜನ ಮೊಬೈಲು ಹಿಡಿದಿದ್ದರು, ಕೆಲವರು ಕಡ್ಲೆಕಾಯಿ ತಿನ್ನುತ್ತಿದ್ದರು.

ಏನೋ ಸರಿಯಿಲ್ಲ ಎಂದು ಜವರನಿಗೆ ಅನ್ನಿಸಿತು. ತಲೆಯ ಮೇಲೆ ಅಮ್ಮ ಇದ್ದಹಾಗೆ ಇರಲಿಲ್ಲ. ಗೂಡಿನಲ್ಲಿ ಹೊರುವ ಇಟ್ಟಿಗೆಯ ಹಾಗೆ ಇತ್ತು. ಅದು ಬೀಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಬೀಳದ್ದನ್ನು ನೋಡಲು ಯಾರು ತಾನೇ ಉಸಿರು ಬಿಗಿಹಿಡಿಯುತ್ತಾರೆ? ಅವನೇ ಹಿಡಿದಿರಲಿಲ್ಲ.

ಅವನು ಗುರುವಿನ ಕಡೆ ನೋಡಿದ. ಹೊಂಬಾಳಯ್ಯ ಅವನ ಕಾಲನ್ನು ನೋಡುತ್ತಿರಲಿಲ್ಲ. ಗದ್ದದ ಕೆಳಗಿನ ಗಂಟನ್ನು ನೋಡುತ್ತಿದ್ದ.

ಜವರ ಕೈ ಎತ್ತಿ ಆ ಗಂಟನ್ನು ಎಳೆದ.

ಹೂವಿನ ಸಮೇತ ಪಟ್ಟಿ ಜಾರಿತು. ಒಂದೇ ಎಳೆತಕ್ಕೆ ಅದನ್ನು ಕಿತ್ತು ನೆಲಕ್ಕೆ ಬಿಟ್ಟ. ತಲೆಯ ಮೇಲೆ ಅಮ್ಮ ಒಂದು ಕೂದಲೆಳೆಯಷ್ಟು ಸರಿದಳು. ಜನರಲ್ಲಿ ಯಾರೋ ‘ಅಯ್ಯೋ’ ಎಂದರು. ಕಡ್ಲೆಕಾಯಿ ತಿನ್ನುವವರ ಕೈ ಅಲ್ಲಲ್ಲೇ ನಿಂತಿತು.

ಈಗ ಜವರನ ಕತ್ತು ಎಚ್ಚರವಾಯಿತು. ಅಂಗಾಲಿನಿಂದ ನೆತ್ತಿಯವರೆಗೆ ಮೈಯೆಲ್ಲ ಆ ಚೊಂಬಿನ ಸುತ್ತ ಬಂದು ನಿಂತಿತು. ಅವನು ಬಲಕ್ಕೆ ವಾಲಿದರೆ ಇಡೀ ಮೈದಾನ ಬಲಕ್ಕೆ ವಾಲಿತು. ಮಂಡಿ ಊರಿ ಎದ್ದಾಗ ಎಲ್ಲರ ಉಸಿರೂ ಅವನ ಜೊತೆಗೇ ಎದ್ದಿತು. ಹೊಂಬಾಳಯ್ಯ ತಮಟೆಯ ಪೆಟ್ಟು ಬಿಗಿ ಮಾಡಿದ. ಅವನ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಆಗ ಮೈಕು ಹೇಳಿತು: “ಈಗ ಕಲಾವಿದರು ಗಣ್ಯರಿಗೆ ತಲೆಬಾಗಿ ವಂದಿಸುತ್ತಾರೆ.”

ತಮಟೆ ನಿಂತಿತು. ಜವರ ವೇದಿಕೆಯ ಕಡೆ ತಿರುಗಿದ.

ಎದುರಿಗೆ ಸಾಲಾಗಿ ಸೋಫಾ. ಸೋಫಾದ ತುಂಬ ಶಾಲು, ಹಾರ, ಇಸ್ತ್ರಿ ಹಾಕಿದ ಅಂಗಿ. ಅಷ್ಟೊಂದು ಇಸ್ತ್ರಿ ಬಟ್ಟೆಯನ್ನು ಅವನು ಒಂದೇ ಕಡೆ ಕಂಡಿರಲಿಲ್ಲ.

ಕತ್ತಿನ ಹಿಂಭಾಗದಲ್ಲಿ ಒಂದು ನರ ಎಳೆಯಿತು. ಅದು ಅವನಿಗೆ ಗೊತ್ತಾಯಿತು. ಇಷ್ಟು ದಿನ ಕತ್ತು ಅವನನ್ನು ಕೇಳದೆ ಬಗ್ಗುತ್ತಿತ್ತು. ಇವತ್ತು ಕೇಳಿತು.

ಜವರ ಬೇಡ ಎಂದ.

ಮೈಕು ಮತ್ತೆ ಹೇಳಿತು. ವೇದಿಕೆಯ ಮೂಲೆಯಲ್ಲಿ ಉಮಾಪತಿ ಕೈಸನ್ನೆ ಮಾಡಿದ. ಆಮೇಲೆ ಹಲ್ಲು ಕಚ್ಚಿಕೊಂಡು, “ಬಗ್ಗಪ್ಪಾ!” ಎಂದ. ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು.

ಜವರ ನಿಂತೇ ಇದ್ದ.

ಹೊಂಬಾಳಯ್ಯ ತಮಟೆ ಎತ್ತಿಕೊಂಡ. ಬೇರೆಯದೇ ಪೆಟ್ಟು ಬಾರಿಸಿದ. ನಿಧಾನದ ಪೆಟ್ಟು, ನಡುವೆ ನಡುವೆ ನಿಲ್ಲುವ ಪೆಟ್ಟು. ಪೂಜೆ ಒಂದು ಮನೆಯ ಬಾಗಿಲಿಗೆ ಬಂದು ನಿಂತಾಗ ಬಾರಿಸುವುದು ಅದನ್ನೇ. ಅಮ್ಮ ಬಂದವ್ಳೆ, ನೀರು ತನ್ನಿ ಎಂದು ಅದರ ಅರ್ಥ.

ವೇದಿಕೆಯ ಮೇಲಿನವರಿಗೆ ಅದು ಬರೀ ಸದ್ದು. ಮುಖ ಮುಖ ನೋಡಿಕೊಂಡರು.

ಹಗ್ಗದ ಆಚೆ, ಜನರ ನಡುವೆ ಕುಳಿತಿದ್ದ ಒಬ್ಬ ಹೆಂಗಸು ಎದ್ದಳು. ಯಾವ ಊರಿನವಳೋ ಏನೋ. ಚಪ್ಪಲಿ ಕಳಚಿದಳು. ಪಕ್ಕದಲ್ಲಿದ್ದ ಮಗುವಿನ ಕೊರಳಿಂದ ನೀರಿನ ಬಾಟಲಿ ತೆಗೆದುಕೊಂಡು ಹಗ್ಗದ ಕೆಳಗೆ ತೂರಿ ಬಂದಳು.

ಪೊಲೀಸಿನವನು ಲಾಠಿ ಅಡ್ಡ ಹಿಡಿದ. “ಎಲ್ಲಿಗಮ್ಮ?”

“ತಮಟೆ ಕೇಳಿಸ್ತಿಲ್ವಾ ನಿಂಗೆ?” ಎಂದಳು ಅವಳು.

ಲಾಠಿ ಕೆಳಗಿಳಿಯಿತು. ಅವನೂ ಯಾವುದೋ ಊರಿನ ಮಗನೇ ತಾನೆ.

ಅವಳು ಜವರನ ಕಾಲಿಗೆ ನೀರು ಸುರಿದು, ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಿಂದೆಯೇ ಇನ್ನೊಬ್ಬಳು ಬಂದಳು. ಆಮೇಲೆ ಒಬ್ಬ ಮುದುಕ, ಒಬ್ಬ ಸೋಡಾ ಮಾರುವವನು, ಕಾಲೇಜು ಹುಡುಗಿಯರು. ಹಗ್ಗ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಂಗಳದ ದೂಳು ಕೆಸರಾಯಿತು.

ಸೋಫಾದಲ್ಲಿ ಕುಳಿತವರಿಗೆ ಜನರ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಮುಖ್ಯ ಅತಿಥಿ ಏನಾಗುತ್ತಿದೆ ಎಂದು ನೋಡಲು ಎದ್ದು ನಿಂತರು. ಅವರು ಎದ್ದರೆಂದು ಉಳಿದವರೂ ಎದ್ದರು.

ಜವರ ನೆಟ್ಟಗೆ ನಿಂತು ಅವರನ್ನು ನೋಡಿದ. ಅವನ ಕತ್ತೂ ಉದ್ದವಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಉಮಾಪತಿ ಶಾಮಿಯಾನದ ಹಿಂದೆ ಬಂದ. ಬೆವರಿಗೆ ಅಂಗಿ ಅಂಟಿತ್ತು.

“ಏನ್ ಮಾಡಿಬಿಟ್ರಿ ಯಜಮಾನ್ರೇ! ಅಷ್ಟು ದೊಡ್ಡವರ ಮುಂದೆ ಮಾನ ಹೋಯ್ತು.”

“ಯಾರ್ದು?”

“ದಿಲ್ಲಿ ಮಾತು ಮರೆತುಬಿಡಿ. ಇನ್ಮೇಲೆ ಯಾವ ಉತ್ಸವಕ್ಕೂ ನಿಮ್ಮನ್ನ ಕರೆಯೋ ಹಾಗಿಲ್ಲ. ಕಲೆ ಅಂದ್ಮೇಲೆ ಸ್ವಲ್ಪ ವಿನಯ ಬೇಡ್ವಾ?”

“ವಿನಯ ಅದೆ ಸಾ,” ಎಂದ ಹೊಂಬಾಳಯ್ಯ, ತಮಟೆಯನ್ನು ಬಟ್ಟೆಯಲ್ಲಿ ಸುತ್ತುತ್ತ. “ನಮ್ಮ ಹತ್ರ ಅದು ತಾತ ಮುತ್ತಾತನ ಕಾಲದಿಂದ ಬೇಕಾದಷ್ಟು ಅದೆ. ಅದು ಇಲ್ಲದೇ ಇರೋದು ಈ ಕುಣಿತದಲ್ಲಿ ಮಾತ್ರ. ಅದಕ್ಕೇ ನಮ್ಮೋರು ಇದನ್ನ ಕಟ್ಕಂಡಿದ್ದು.”

ಈ ಮಾತನ್ನು ಭಾಷಣದಲ್ಲಿ ಬಳಸಿಕೊಳ್ಳುತ್ತೇನೆ ಎಂದು ಉಮಾಪತಿ ಈ ಸಲ ಹೇಳಲಿಲ್ಲ.

ಗುರು ಶಿಷ್ಯರು ಒಂದು ಗೂಡ್ಸ್ ಆಟೋ ಹತ್ತಿ ಹೊಳೆದಂಡೆಗೆ ವಾಪಸಾದರು. ಹೊತ್ತು ಇಳಿಯುತ್ತಿತ್ತು. ಜವರ ಅಮ್ಮನ ಸೀರೆಯ ದೂಳು ಕೊಡವಿ, ಪೂಜೆಯನ್ನು ಒಳಗಿಟ್ಟು ಗೋಡೆಗೆ ಒರಗಿಸಿದ. ಸಿಂಬೆ ಬಿಚ್ಚಿ ಗೂಟಕ್ಕೆ ತಗುಲಿಹಾಕಿದ. ಹೊರಗೆ ಬಂದು ಹೊಂಗೆಮರದ ಕೆಳಗೆ ನಿಂತ.

ಮೈಯ ಬಿಸಿ ಇಳಿದಿತ್ತು. ಈಗ ಅವನಿಗೆ ದುಃಖವಾಯಿತು.

“ದಿಲ್ಲಿ ಹೋಯ್ತು ಗುರುವೇ.”

“ಹೂಂ.”

“ಇನ್ನು ನಮ್ಮನ್ನ ಯಾರೂ ಕರೆಯಲ್ಲ.”

“ಹೂಂ.”

“ನಾಳೆ ಮತ್ತೆ ಅದೇ ಗೂಡು. ಅದೇ ಇಟ್ಟಿಗೆ. ಅದೇ ಯಜಮಾನ್ರು ಬೈಕಲ್ಲಿ ಬರ್ತಾರೆ.”

ಹೊಂಬಾಳಯ್ಯ ಚೊಂಬು ತೆಗೆದುಕೊಂಡು ಹೊಳೆಗೆ ಇಳಿದ. ನೀರು ತುಂಬಿಕೊಂಡು, ನಿಧಾನಕ್ಕೆ ದಂಡೆ ಹತ್ತಿ ಬಂದ. ಎಕ್ಕಡ ಬಿಟ್ಟ. ಸವೆದ ಮೂಳೆಯ ನೋವಿಗೆ ನರಳುತ್ತ ಜವರನ ಮುಂದೆ ಬಗ್ಗಿ ಕುಳಿತು ಅವನ ಕಾಲಿಗೆ ನೀರು ಸುರಿಯತೊಡಗಿದ.

“ಅಯ್ಯೋ, ಏನ್ ಮಾಡ್ತಿದ್ದೀರಿ ಗುರುವೇ!” ಜವರ ಗಾಬರಿಯಿಂದ ಬಗ್ಗಿ ಅವನ ಕೈ ಹಿಡಿದುಕೊಂಡ. “ಬ್ಯಾಡಿ, ಏಳಿ. ಪೂಜೆ ಇಳ್ಸಾಯ್ತಲ್ಲ!”

ಗುರು ಕೈ ಬಿಡಿಸಿಕೊಂಡ. ಚೊಂಬಿನಲ್ಲಿ ಉಳಿದಿದ್ದ ನೀರನ್ನೂ ಅವನ ಕಾಲಿಗೇ ಹುಯ್ದ.

“ಕತ್ತೆತ್ಲಾ. ನೀನು ಇಳ್ಸಿದ್ದು ಬರೀ ಬಿದಿರು.”